ಕುಸಿಯುತ್ತಿದ್ದ ಆಟೋಮನ್ ಸಾಮ್ರಾಜ್ಯ ಜರ್ಮನಿಯ ಕೈ ಹಿಡಿದದ್ದು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಮಹಾಯುದ್ಧದ ಮಾತು ಬಂದಾಗಲೆಲ್ಲ ಟರ್ಕಿಯ ಬಗ್ಗೆ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಮಾತಿನ ನಡುವೆ ಕೇಳಿದವು, ಬರೆದು ಕೇಳಿದವು ಎಲ್ಲವನ್ನೂ ಕೇಳಿದವರ ಮಾತಲ್ಲೇ ಇಲ್ಲಿ ಹಾಕಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜರ್ಮನಿ ಜೊತೆ ಒಪ್ಪಂದ ಮಾಡಿಕೊಂಡದ್ದು ಒಂದು ತೀರ್ಮಾನ, ಯುದ್ಧಕ್ಕೆ ಇಳಿದದ್ದು ಬೇರೆಯೇ ತೀರ್ಮಾನ. ಎರಡನ್ನೂ ಕಲಸಿಬಿಟ್ಟರೆ ಏನೂ ಅರ್ಥವಾಗುವುದಿಲ್ಲ.

## ಮೊದಲಿಗೆ ಗೊತ್ತಿರಬೇಕಾದ್ದು

ಆಟೋಮನ್ ಅಂದ್ರೆ ಟರ್ಕಿನೇ ಅಲ್ವಾ? ಅವರು ಯಾರ ಕಡೆ ಇದ್ದರು?

ಇಂದಿನ ಟರ್ಕಿ ಅದರ ಒಂದು ಭಾಗ ಅಷ್ಟೇ. 1914ರಲ್ಲಿ ಕೂಡ ಇಂದಿನ ಸಿರಿಯಾ, ಇರಾಕ್, ಲೆಬನಾನ್, ಜೋರ್ಡಾನ್, ಇಸ್ರೇಲ್, ಪ್ಯಾಲೆಸ್ತೀನ್, ಮೆಕ್ಕಾ ಮದೀನಾ ಇರುವ ಹಿಜಾಜ್ ಇವೆಲ್ಲ ಇಸ್ತಾನ್‌ಬುಲ್‌ನ ಸುಲ್ತಾನನ ಕೆಳಗೇ ಇದ್ದವು. ಹತ್ತನೇ ಕ್ಲಾಸಿನ ಸಮಾಜ ಪಾಠದಲ್ಲಿ 1453ರಲ್ಲಿ ಕಾನ್‌ಸ್ಟಾಂಟಿನೋಪಲ್, ಅಂದರೆ ಇದೇ ಇಸ್ತಾನ್‌ಬುಲ್, ಬಿತ್ತು ಅಂತ ಓದಿರುತ್ತೀರಲ್ಲ, ಅದನ್ನು ಗೆದ್ದ ಮನೆತನವೇ ಇನ್ನೂ ಗಾದಿಯ ಮೇಲಿತ್ತು.

ಅವರು ಇದ್ದದ್ದು ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೇರಿಯ ಕಡೆ. 1915ರಲ್ಲಿ ಬಲ್ಗೇರಿಯಾ ಕೂಡ ಅದೇ ಗುಂಪಿಗೆ ಸೇರಿತು. ಎದುರಿಗೆ ಬ್ರಿಟನ್, ಫ್ರಾನ್ಸ್, ರಷ್ಯಾ.

"ಯುರೋಪಿನ ರೋಗಿ" ಅಂತಿದ್ರಂತೆ. ಅಷ್ಟೊಂದು ಹದಗೆಟ್ಟಿತ್ತಾ?

ರಷ್ಯಾದ ಚಕ್ರವರ್ತಿ ಒಂದನೇ ನಿಕೋಲಸ್ 1853ರಲ್ಲಿ ಆಟೋಮನ್ನರನ್ನು ಕಾಯಿಲೆ ಮನುಷ್ಯ ಅಂದ. ಆ ಹೆಸರು ಅಂಟಿಕೊಂಡುಬಿಟ್ಟಿತು. ಆದರೆ ಹಾಗೆ ಅಂದವನ ಕಣ್ಣು ಆ ಕಾಯಿಲೆಯವನ ಆಸ್ತಿ ಮೇಲಿತ್ತು ಅನ್ನುವುದನ್ನು ನಾವು ಮರೆಯಬಾರದು.

ಪರಿಸ್ಥಿತಿ ಕೆಟ್ಟಿದ್ದಂತೂ ನಿಜ. 1875ರಲ್ಲಿ ಸರ್ಕಾರ ಸಾಲ ತೀರಿಸಲಾಗದೆ ಕೈ ಎತ್ತಿತು. 1881ರಲ್ಲಿ ಸಾಲ ಕೊಟ್ಟವರು ಸೇರಿ ಇಸ್ತಾನ್‌ಬುಲ್‌ನಲ್ಲೇ ಒಂದು ಕಚೇರಿ ತೆರೆದರು. ಉಪ್ಪು, ತಂಬಾಕು, ರೇಷ್ಮೆ ಇಂಥವುಗಳ ಆದಾಯ ನೇರ ಅವರ ಕೈಗೆ ಹೋಗುತ್ತಿತ್ತು. ಅದರ ಮೇಲೆ ವಿದೇಶಿಯರಿಗೆ ಹಳೇ ಕಾಲದ ವಿಶೇಷ ಹಕ್ಕುಗಳಿದ್ದವು. ಒಬ್ಬ ಫ್ರೆಂಚ್ ವ್ಯಾಪಾರಿ ಇಸ್ತಾನ್‌ಬುಲ್‌ನಲ್ಲಿ ತಪ್ಪು ಮಾಡಿದರೆ ವಿಚಾರಣೆಯಲ್ಲಿ ಅವನ ದೇಶದ ಕಾನ್ಸುಲ್‌ದೇ ಮಾತು. ಆಮದು ಸುಂಕ ಏರಿಸಬೇಕಾದರೆ ಯುರೋಪಿನ ದೇಶಗಳ ಒಪ್ಪಿಗೆ ಬೇಕು. ಸ್ವಂತ ನೆಲದಲ್ಲಿ ತೆರಿಗೆ ಹಾಕಲೂ ಪರರ ಅಪ್ಪಣೆ ಕೇಳಬೇಕಾದವರ ಸಿಟ್ಟು ಎಂಥದ್ದಿರಬಹುದು ಯೋಚಿಸಿ. 1914ರ ತೀರ್ಮಾನಗಳಲ್ಲಿ ಆ ಸಿಟ್ಟಿನ ಪಾಲು ದೊಡ್ಡದು.

ಆದರೂ ಸತ್ತ ದೇಶ ಅದಾಗಿರಲಿಲ್ಲ. ಸುಲ್ತಾನನ ನಿರಂಕುಶ ಆಳ್ವಿಕೆಗೆ ಎದುರಾದ ಗುಂಪು ಯುವ ತುರ್ಕರದು. 1908ರ ಅವರ ಕ್ರಾಂತಿ ಆದ ಮೇಲೆ ಸಂಸತ್ತು, ಪತ್ರಿಕೆ, ಹೊಸ ಅಧಿಕಾರಿ ವರ್ಗ ಎಲ್ಲ ಚುರುಕಾಗಿದ್ದವು. 1915ರಲ್ಲಿ ಇಸ್ತಾನ್‌ಬುಲ್‌ಗೆ ಹೋಗುವ ಸಮುದ್ರದ ದಾರಿಯಲ್ಲಿರುವ ಗ್ಯಾಲಿಪೋಲಿಯಲ್ಲಿ ಬ್ರಿಟನ್ ಮತ್ತು ಫ್ರಾನ್ಸನ್ನು ತಡೆದು ನಿಲ್ಲಿಸಿದ್ದೂ ಇದೇ ಸೈನ್ಯ.

ಬ್ರಿಟನ್ ಅವರ ಹಳೇ ದೋಸ್ತಿ ಅಲ್ವಾ? ಕ್ರಿಮಿಯಾ ಯುದ್ಧದಲ್ಲಿ ಜೊತೆಗಿದ್ದರಲ್ಲ?

ಹೌದು. 1853ರಿಂದ 1856ರವರೆಗೆ ನಡೆದ ಆ ಯುದ್ಧದಲ್ಲಿ ಬ್ರಿಟನ್, ಫ್ರಾನ್ಸ್ ಎರಡೂ ರಷ್ಯಾ ವಿರುದ್ಧ ಆಟೋಮನ್ನರ ಜೊತೆ ನಿಂತಿದ್ದವು. ರಷ್ಯಾ ಮೆಡಿಟರೇನಿಯನ್ ಸಮುದ್ರಕ್ಕೆ ಇಳಿದರೆ ಭಾರತದ ದಾರಿಗೆ ಅಪಾಯ ಅನ್ನುವುದು ಲಂಡನ್ನಿನ ಲೆಕ್ಕ.

ಆ ಲೆಕ್ಕ ನಿಧಾನವಾಗಿ ಬದಲಾಯಿತು. 1878ರಲ್ಲಿ ಬ್ರಿಟನ್ ಸೈಪ್ರಸ್ ತೆಗೆದುಕೊಂಡಿತು. 1882ರಲ್ಲಿ ಈಜಿಪ್ಟಿಗೆ ಸೈನ್ಯ ನುಗ್ಗಿಸಿತು. ಸೂಯೆಜ್ ಕಾಲುವೆಯೇ ಕೈಗೆ ಬಂದ ಮೇಲೆ ಇಸ್ತಾನ್‌ಬುಲ್ ಕಾಯುವ ಗರಜು ಉಳಿಯಲಿಲ್ಲ. ಆಮೇಲೆ 1907ರಲ್ಲಿ ಬ್ರಿಟನ್ ರಷ್ಯಾದ ಜೊತೆಗೇ ರಾಜಿ ಮಾಡಿಕೊಂಡಿತು. ಮರುವರ್ಷ ಬ್ರಿಟನ್ನಿನ ದೊರೆ ಏಳನೇ ಎಡ್ವರ್ಡ್ ಮತ್ತು ರಷ್ಯಾದ ಎರಡನೇ ನಿಕೋಲಸ್ ರೆವಾಲ್ ಬಂದರಿನಲ್ಲಿ ಭೇಟಿಯಾದಾಗ, ಇವರಿಬ್ಬರೂ ಸೇರಿ ನಮ್ಮನ್ನು ಹಂಚಿಕೊಳ್ಳುತ್ತಾರೆ ಅನ್ನುವ ಭಯ ಆಟೋಮನ್ ಅಧಿಕಾರಿಗಳಲ್ಲಿ ಗಟ್ಟಿಯಾಯಿತು. ಕಾವಲಿಗೆ ನಿಂತಿದ್ದವನೇ ಶತ್ರುವಿನ ಗೆಳೆಯನಾದ. ಮುಂದಿನ ಎಲ್ಲಾ ಲೆಕ್ಕಾಚಾರ ಇಲ್ಲಿಂದ ಶುರು.

1912-13ರ ಬಾಲ್ಕನ್ ಯುದ್ಧಗಳಿಗೆ ಇದರಲ್ಲಿ ಏನು ಪಾತ್ರ?

ತುಂಬಾ ದೊಡ್ಡ ಪಾತ್ರ. 1911ರಲ್ಲಿ ಇಟಲಿ ಲಿಬಿಯಾಕ್ಕೆ ನುಗ್ಗಿತು. ಅದು ಮುಗಿಯುವ ಮೊದಲೇ 1912ರ ಅಕ್ಟೋಬರ್‌ನಲ್ಲಿ ಬಲ್ಗೇರಿಯಾ, ಸರ್ಬಿಯಾ, ಗ್ರೀಸ್, ಮಾಂಟೆನೆಗ್ರೋ ನಾಲ್ಕೂ ಸೇರಿ ಮೇಲೆ ಬಿದ್ದವು. ಕೆಲವೇ ವಾರಗಳಲ್ಲಿ ಐದು ಶತಮಾನ ಆಳಿದ ನೆಲ ಹೋಯಿತು. ನವೆಂಬರ್‌ನಲ್ಲಿ ಸಲೋನಿಕಾ ಗ್ರೀಕರ ಪಾಲಾಯಿತು. ಯುವ ತುರ್ಕರ ಚಳವಳಿ ಬೆಳೆದದ್ದು ಅದೇ ಊರಲ್ಲಿ, ಮುಂದೆ ಹೊಸ ಟರ್ಕಿ ಕಟ್ಟಿದ ಮುಸ್ತಫಾ ಕೆಮಾಲ್ ಹುಟ್ಟಿದ್ದೂ ಅಲ್ಲೇ. ದೇಶ ಆಳುತ್ತಿದ್ದವರಲ್ಲಿ ಹಲವರಿಗೆ ತಮ್ಮ ಹುಟ್ಟೂರೇ ಪರದೇಶ ಆಗಿಬಿಟ್ಟಿತು. ಲಕ್ಷಗಟ್ಟಲೆ ಮುಸ್ಲಿಂ ನಿರಾಶ್ರಿತರು ಎತ್ತಿನ ಗಾಡಿಗಳಲ್ಲಿ ಇಸ್ತಾನ್‌ಬುಲ್ ಕಡೆ ಬಂದರು, ಮಸೀದಿಗಳ ಅಂಗಳದಲ್ಲಿ ಮಲಗಿದರು, ಕಾಲರಾದಿಂದ ಸತ್ತರು.

ಯುದ್ಧ ಶುರುವಾದಾಗ ಯಾರು ಗೆದ್ದರೂ ಗಡಿ ಬದಲಾಗಬಾರದು ಅಂತ ಯುರೋಪಿನ ದೊಡ್ಡ ದೇಶಗಳು ಹೇಳಿದ್ದವು. ಆಟೋಮನ್ನರು ಸೋತ ಮೇಲೆ ಆ ಮಾತನ್ನು ಯಾರೂ ನೆನಪಿಸಲಿಲ್ಲ. ಯಾವ ಗುಂಪಿಗೂ ಸೇರದೆ ಒಂಟಿಯಾಗಿದ್ದರೆ ಏನಾಗುತ್ತದೆ ಅನ್ನುವುದನ್ನು ಅವರು ಕಣ್ಣಾರೆ ನೋಡಿದರು. ನನ್ನನ್ನು ಕೇಳಿದರೆ 1914ರ ಒಪ್ಪಂದಕ್ಕೆ ಬೇರೆಲ್ಲ ಕಾರಣಗಳಿಗಿಂತ ಈ ಒಂಟಿತನದ ಭಯವೇ ದೊಡ್ಡ ಕಾರಣ.

## ಜರ್ಮನಿಯೇ ಯಾಕೆ

ಬೇರೆ ಯಾರನ್ನೂ ಕೇಳಲೇ ಇಲ್ವಾ? ನೇರ ಜರ್ಮನಿ ಹತ್ತಿರ ಹೋಗಿಬಿಟ್ಟರಾ?

ಕೇಳಿದರು. ಎಲ್ಲರನ್ನೂ ಕೇಳಿದರು. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಬ್ರಿಟನ್. 1911ರಲ್ಲಿ ಯುವ ತುರ್ಕರ ನಾಯಕರಲ್ಲಿ ಒಬ್ಬನಾದ ಜಾವಿದ್ ಬೇ ಶಾಶ್ವತ ಮೈತ್ರಿ ಬೇಕು ಅಂತ ಬ್ರಿಟನ್ನಿನ ಮಂತ್ರಿ ಚರ್ಚಿಲ್‌ಗೆ ಪತ್ರ ಬರೆದ. ಸದ್ಯಕ್ಕೆ ಹೊಸ ಸಂಬಂಧಗಳು ಬೇಡ ಅನ್ನುವ ನಯವಾದ ಉತ್ತರ ಬಂತು. 1913ರಲ್ಲಿ ಮತ್ತೆ ಕೇಳಿದರು, ಮತ್ತೆ ಇಲ್ಲ ಅಂದರು.

ಆಮೇಲೆ ರಷ್ಯಾ! ಹೌದು, ಯಾರಿಗೆ ಹೆದರುತ್ತಿದ್ದರೋ ಅವರನ್ನೇ. 1914ರ ಮೇ ತಿಂಗಳಲ್ಲಿ ಗೃಹ ಮಂತ್ರಿ ತಲಾತ್, ಕ್ರಿಮಿಯಾದ ಲಿವಾದಿಯಾ ಅರಮನೆಗೆ ಬಂದಿದ್ದ ಚಕ್ರವರ್ತಿಗೆ ವಂದಿಸಲು ಹೋದ. ಹೊರಡುವ ಮುಂಚೆ ತನ್ನ ಹಡಗಿನಲ್ಲಿ ಊಟಕ್ಕೆ ಕರೆದು, ಊಟದ ನಡುವೆ ವಿದೇಶ ಮಂತ್ರಿ ಸಜೊನೋವ್ ಕಡೆ ಬಾಗಿ ನಮ್ಮ ಜೊತೆ ಮೈತ್ರಿ ಮಾಡಿಕೊಳ್ಳುತ್ತೀರಾ ಅಂತ ಕೇಳಿಬಿಟ್ಟ. ಸಜೊನೋವ್ ದಂಗಾದ. ಇಲ್ಲ ಅನ್ನಲಿಲ್ಲ, ಆದರೆ ಅದರಿಂದ ಏನೂ ಹುಟ್ಟಲಿಲ್ಲ.

ಜುಲೈನಲ್ಲಿ ನೌಕಾಪಡೆ ಮಂತ್ರಿ ಜಮಾಲ್ ಪಾಷಾ ಫ್ರಾನ್ಸಿಗೆ ಹೋದ. ಆಳುತ್ತಿದ್ದ ನಾಯಕರಲ್ಲಿ ಫ್ರಾನ್ಸಿನ ಮೇಲೆ ಜಾಸ್ತಿ ಒಲವಿದ್ದವನು ಅವನೇ. ಪ್ಯಾರಿಸ್ಸಿನವರು ನಮ್ಮ ಮಿತ್ರರು ಒಪ್ಪಿದರೆ ನೋಡೋಣ ಅಂದರು. ಮಿತ್ರರು ಅಂದರೆ ರಷ್ಯಾ. ಜಮಾಲ್‌ಗೆ ಅರ್ಥವಾಯಿತು, ಬರಿಗೈಲಿ ವಾಪಸ್ ಬಂದ.

ಕೊನೆಗೆ ಜುಲೈ 22ರಂದು ಯುದ್ಧ ಮಂತ್ರಿ ಎನ್ವರ್ ಪಾಷಾ ಜರ್ಮನ್ ರಾಯಭಾರಿ ವಾಂಗೆನ್‌ಹೈಮ್ ಬಳಿ ಮಾತೆತ್ತಿದ. ಅವನೂ ಮೊದಲು ಆಸಕ್ತಿ ತೋರಿಸಲಿಲ್ಲ. ಈ ದುರ್ಬಲ ಸೈನ್ಯ ನಮಗೆ ಹೊರೆ ಅನ್ನುವುದೇ ಅವನ ಅಭಿಪ್ರಾಯ. ಬರ್ಲಿನ್‌ನಲ್ಲಿ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಮಾತ್ರ ಬೇರೆ ಥರ ನೋಡಿದ. ಯುದ್ಧ ಬಾಗಿಲಿಗೆ ಬಂದಿತ್ತು, ಕೈ ಚಾಚಿದವರನ್ನು ಈಗ ತಳ್ಳುವುದು ಬೇಡ ಅಂತ ಜುಲೈ 24ರಂದು ಅಪ್ಪಣೆ ಕೊಟ್ಟ. ಒಂಬತ್ತೇ ದಿನಗಳಲ್ಲಿ ಸಹಿ ಬಿತ್ತು.

ಆದರೂ ಜರ್ಮನಿ ಜೊತೆ ಮೊದಲಿನಿಂದ ನಂಟು ಇತ್ತಲ್ಲ, ರೈಲು ಗೀಲು ಅಂತ?

ಇತ್ತು. 1883ರಿಂದ ಜರ್ಮನ್ ಸೇನಾಧಿಕಾರಿ ಗೋಲ್ಟ್ಸ್ ಆಟೋಮನ್ ಅಧಿಕಾರಿಗಳಿಗೆ ಪಾಠ ಮಾಡಿದ. ಚಕ್ರವರ್ತಿ ವಿಲ್ಹೆಲ್ಮ್ 1889, 1898ರಲ್ಲಿ ಬಂದು ಹೋದ. ಎರಡನೇ ಸಲ ಡಮಾಸ್ಕಸ್‌ನಲ್ಲಿ ನಿಂತು, ಜಗತ್ತಿನ 30 ಕೋಟಿ ಮುಸ್ಲಿಮರಿಗೆ ತಾನು ಸ್ನೇಹಿತ ಅಂತ ಭಾಷಣ ಮಾಡಿದ. ಬಾಗ್ದಾದ್ ರೈಲಿಗೆ ಜರ್ಮನ್ ಬ್ಯಾಂಕಿನ ದುಡ್ಡು. 1913ರ ಡಿಸೆಂಬರ್‌ನಲ್ಲಿ ಜರ್ಮನ್ ಸೇನಾಪತಿ ಲಿಮನ್ ಫಾನ್ ಸ್ಯಾಂಡರ್ಸ್ ದೊಡ್ಡ ಸೇನಾ ತಂಡದ ಜೊತೆ ಇಸ್ತಾನ್‌ಬುಲ್‌ಗೆ ಬಂದಿಳಿದ.

ಆದರೆ ಇದನ್ನೇ ಕಾರಣ ಅಂದುಕೊಳ್ಳಬೇಡಿ. ಅದೇ ಹೊತ್ತಿಗೆ ನೌಕಾಪಡೆಗೆ ಪಾಠ ಮಾಡುತ್ತಿದ್ದವರು ಬ್ರಿಟಿಷರು, ಗ್ರಾಮೀಣ ಪೊಲೀಸ್ ಪಡೆಗೆ ಫ್ರೆಂಚರು. ಸಾಲದಲ್ಲಿ ದೊಡ್ಡ ಪಾಲು ಫ್ರಾನ್ಸಿನದು. ಎಲ್ಲರ ಜೊತೆಗೂ ಒಂದೊಂದು ಎಳೆ ಹಿಡಿದಿಟ್ಟುಕೊಳ್ಳುವುದೇ ಅವರ ಪದ್ಧತಿ.

ಜರ್ಮನಿಯ ದೊಡ್ಡ ಅನುಕೂಲ ಬೇರೆ. ಬ್ರಿಟನ್ ಈಜಿಪ್ಟ್ ತಿಂದಿತ್ತು, ಫ್ರಾನ್ಸ್ ಟ್ಯುನೀಷಿಯಾ ತಿಂದಿತ್ತು, ರಷ್ಯಾ ಕಾಕಸಸ್ ಕಡೆ ಕಾರ್ಸ್ ಕಿತ್ತುಕೊಂಡಿತ್ತು. ಆಟೋಮನ್ ನೆಲದಲ್ಲಿ ಒಂದು ತುಂಡನ್ನೂ ಜರ್ಮನಿ ತೆಗೆದುಕೊಂಡಿರಲಿಲ್ಲ. ಗಡಿಯೂ ತಾಗುತ್ತಿರಲಿಲ್ಲ. ದೂರದಲ್ಲಿರುವ ಬಲಶಾಲಿ, ಪಕ್ಕದ ಶತ್ರುವಿಗೆ ಶತ್ರು.

ಖಲೀಫರ ಸಾಮ್ರಾಜ್ಯ ಒಂದು ಕ್ರೈಸ್ತ ದೇಶದ ಜೊತೆ ಸೇರಿ ಜಿಹಾದ್ ಅಂತ ಕರೆದದ್ದು ವಿಚಿತ್ರ ಅಲ್ವಾ?

ಧರ್ಮ ನೋಡಿ ಮಿತ್ರರನ್ನು ಆರಿಸುವ ಪದ್ಧತಿ ಆಟೋಮನ್ನರಿಗೆ ಯಾವತ್ತೂ ಇರಲಿಲ್ಲ. ಹದಿನಾರನೇ ಶತಮಾನದಲ್ಲೇ ಸುಲೇಮಾನ್ ಫ್ರಾನ್ಸಿನ ದೊರೆಯ ಜೊತೆ ಸೇರಿ ಇನ್ನೊಬ್ಬ ಕ್ರೈಸ್ತ ಚಕ್ರವರ್ತಿಯನ್ನು ಎದುರಿಸಿದ್ದ. ಶಿಯಾ ಇರಾನ್ ಜೊತೆಯಂತೂ ಶತಮಾನಗಟ್ಟಲೆ ಕಾದಾಟ.

1914ರ ನವೆಂಬರ್ 14ರಂದು ಇಸ್ತಾನ್‌ಬುಲ್‌ನ ಫಾತಿಹ್ ಮಸೀದಿಯಲ್ಲಿ ಜಿಹಾದ್ ಫತ್ವಾ ಓದಿದ್ದು ನಿಜ. ಬ್ರಿಟನ್, ಫ್ರಾನ್ಸ್, ರಷ್ಯಾದ ಕೆಳಗೆ ಕೋಟ್ಯಂತರ ಮುಸ್ಲಿಮರಿದ್ದರು, ಅವರು ದಂಗೆ ಏಳಲಿ ಅನ್ನುವ ಆಸೆ ಬರ್ಲಿನ್‌ಗೆ ತುಂಬಾ ಇತ್ತು. ಫಲ ಕಡಿಮೆ. ಭಾರತದ ಮುಸ್ಲಿಂ ಸೈನಿಕರು ಬ್ರಿಟಿಷ್ ಸೈನ್ಯದಲ್ಲೇ ಹೋರಾಡಿದರು, ಮೆಕ್ಕಾದ ಷರೀಫ್ ಹುಸೇನ್ 1916ರಲ್ಲಿ ಸುಲ್ತಾನನ ವಿರುದ್ಧವೇ ಎದ್ದ.

ಬ್ರಿಟನ್ ಇವರ ಹಡಗು ಕದ್ದಿದ್ದಕ್ಕೇ ಜರ್ಮನಿ ಕಡೆ ಹೋದರು ಅಂತ ಕೇಳಿದ್ದೇನೆ. ನಿಜಾನಾ?

ಅರ್ಧ ನಿಜ. ದಿನಾಂಕಗಳನ್ನು ಜೋಡಿಸಿ ನೋಡಿದರೆ ಗೊತ್ತಾಗುತ್ತದೆ.

ಬ್ರಿಟನ್ನಿನ ಹಡಗುಕಟ್ಟೆಗಳಲ್ಲಿ ಎರಡು ಭಾರಿ ಯುದ್ಧನೌಕೆ ತಯಾರಾಗುತ್ತಿದ್ದವು. ರಷಾದಿಯೆ ಒಂದು. ಇನ್ನೊಂದು ಸುಲ್ತಾನ್ ಉಸ್ಮಾನ್, ಮೊದಲು ಬ್ರೆಜಿಲ್‌ಗೆ ಅಂತ ಕಟ್ಟಿದ್ದು, 12 ಇಂಚಿನ 14 ಫಿರಂಗಿಗಳಿದ್ದ ಹಡಗು. ಏಜಿಯನ್ ಸಮುದ್ರದಲ್ಲಿ ಗ್ರೀಸನ್ನು ಎದುರಿಸಲು ಇವು ಬೇಕಿದ್ದವು. ಖಜಾನೆ ಬರಿದಾಗಿದ್ದ ದೇಶ ಊರೂರಲ್ಲಿ ಚಂದಾ ಎತ್ತಿತು. ಹೆಂಗಸರು ಒಡವೆ ಕೊಟ್ಟರು, ಕೂದಲು ಮಾರಿ ದುಡ್ಡು ಕೊಟ್ಟರು. ಹಣದ ಬಹುಪಾಲು ಕಟ್ಟಿಯಾಗಿತ್ತು. ಹಡಗು ಒಯ್ಯಲು ಸುಮಾರು 500 ತುರ್ಕಿ ನಾವಿಕರು ನ್ಯೂಕ್ಯಾಸಲ್‌ಗೆ ಬಂದು, ಟೈನ್ ನದಿಯಲ್ಲಿ ತಾವು ಬಂದ ಹಡಗಿನಲ್ಲೇ ಕಾಯುತ್ತಾ ಕೂತಿದ್ದರು. ಇನ್ನೇನು ಬಾವುಟ ಏರಿಸಬೇಕು ಅನ್ನುವಷ್ಟರಲ್ಲಿ, ಆಗಸ್ಟ್ ಶುರುವಿನಲ್ಲಿ, ಬ್ರಿಟಿಷ್ ಸೈನಿಕರು ಹೊಸ ಹಡಗು ಹತ್ತಿದರು. ಎರಡೂ ಹಡಗು ಬ್ರಿಟನ್ನಿನ ಪಾಲಾದವು. ಆದೇಶ ಆಗ ನೌಕಾಪಡೆ ಮಂತ್ರಿಯಾಗಿದ್ದ ಚರ್ಚಿಲ್‌ನದು.

ಇಸ್ತಾನ್‌ಬುಲ್‌ನಲ್ಲಿ ಜನ ಕೆರಳಿದರು. ಕೊಟ್ಟ ದುಡ್ಡು ಬಡವರದು, ಕೆರಳದೆ ಇರುತ್ತಾರಾ? ಆದರೆ ಜರ್ಮನಿ ಜೊತೆಗಿನ ಮಾತುಕತೆ ಶುರುವಾದದ್ದು ಜುಲೈ 22ಕ್ಕೆ. ಹಡಗಿನ ಸುದ್ದಿ ಬರುವ ಹೊತ್ತಿಗೆ ಒಪ್ಪಂದದ ಕರಡು ತಯಾರಿತ್ತು. ಅಂದರೆ ಒಪ್ಪಂದಕ್ಕೆ ಹಡಗು ಕಾರಣ ಅಲ್ಲ. ಜನರ ಮನಸ್ಸು ಬ್ರಿಟನ್ನಿನಿಂದ ಮುರಿದದ್ದಕ್ಕೆ ಮಾತ್ರ ಖಂಡಿತ ಕಾರಣ.

ಜರ್ಮನ್ ಹಡಗುಗಳಿಗೆ ಟರ್ಕಿ ಬಾವುಟ ಹಾಕಿದ ಕತೆ ಏನು?

ಯುದ್ಧ ಶುರುವಾದಾಗ ಗೋಬೆನ್, ಬ್ರೆಸ್ಲಾವ್ ಅನ್ನುವ ಎರಡು ಜರ್ಮನ್ ಯುದ್ಧನೌಕೆಗಳು ಮೆಡಿಟರೇನಿಯನ್‌ನಲ್ಲಿದ್ದವು. ಬ್ರಿಟಿಷ್ ಹಡಗುಗಳು ಬೆನ್ನತ್ತಿದ್ದರೂ ತಪ್ಪಿಸಿಕೊಂಡು ಆಗಸ್ಟ್ 10ರಂದು ಇಸ್ತಾನ್‌ಬುಲ್ ಕಡೆಗಿನ ಡಾರ್ಡನೆಲ್ಸ್ ಜಲಸಂಧಿಯ ಬಾಯಿಗೆ ಬಂದವು. ತಟಸ್ಥ ದೇಶವಾದರೆ ಅವನ್ನು 24 ಗಂಟೆಯೊಳಗೆ ಹೊರಗೆ ಕಳಿಸಬೇಕು, ಇಲ್ಲ ನಿರಾಯುಧ ಮಾಡಬೇಕು. ಇವರು ಎರಡೂ ಮಾಡಲಿಲ್ಲ. ಕೊಂಡುಕೊಂಡಿದ್ದೇವೆ ಅಂದರು.

ಗೋಬೆನ್‌ಗೆ ಯಾವುಜ್ ಸುಲ್ತಾನ್ ಸಲೀಮ್ ಅಂತ ಹೆಸರಿಟ್ಟರು, ಬ್ರೆಸ್ಲಾವ್‌ಗೆ ಮಿದಿಲ್ಲಿ. ನಾವಿಕರು ಅದೇ ಜರ್ಮನ್ನರು, ತಲೆ ಮೇಲಿನ ಟೋಪಿ ಮಾತ್ರ ಕೆಂಪು ಫೆಜ್ ಆಯಿತು. ಅಡ್ಮಿರಲ್ ಸುಶಾನ್ ಆಟೋಮನ್ ನೌಕಾಪಡೆಯ ಮುಖ್ಯಸ್ಥನಾದ. ಎರಡು ಹಡಗು ಕಳೆದುಕೊಂಡು ನೊಂದಿದ್ದ ಜನ ಇವನ್ನು ದಡದಲ್ಲಿ ನಿಂತು ಸ್ವಾಗತಿಸಿದರು. ಆದರೆ ಆ ಹಡಗಿನ ಚುಕ್ಕಾಣಿ ಇನ್ನೊಬ್ಬರ ಕೈಲಿತ್ತು. ಅದು ಎಷ್ಟು ಅಪಾಯ ಅನ್ನುವುದು ಅಕ್ಟೋಬರ್‌ನಲ್ಲಿ ಗೊತ್ತಾಯಿತು.

## ಸ್ವಲ್ಪ ಆಳಕ್ಕೆ

ಒಪ್ಪಂದದಲ್ಲಿ ಏನಿತ್ತು? ಯಾರಿಗೆಲ್ಲ ಗೊತ್ತಿತ್ತು?

1914ರ ಆಗಸ್ಟ್ 2ರಂದು ಇಸ್ತಾನ್‌ಬುಲ್‌ನ ಬಾಸ್ಫರಸ್ ಜಲಸಂಧಿ ದಂಡೆಯ ಯೆನಿಕೊಯ್‌ನಲ್ಲಿ ಸಹಿ ಬಿತ್ತು, ಪ್ರಧಾನ ವಜೀರ ಸಯೀದ್ ಹಲೀಮ್ ಪಾಷಾನ ಮನೆಯಲ್ಲಿ. ವಜೀರ, ಎನ್ವರ್, ತಲಾತ್, ಸಂಸತ್ತಿನ ಅಧ್ಯಕ್ಷ ಹಲೀಲ್, ಇಷ್ಟೇ ಜನಕ್ಕೆ ಗೊತ್ತಿದ್ದದ್ದು. ಸಂಪುಟದ ಉಳಿದವರಿಗೆ ಗೊತ್ತಿಲ್ಲ. ಪ್ಯಾರಿಸ್ಸಿಗೆ ಹೋಗಿಬಂದ ಜಮಾಲ್‌ಗೂ ಮೊದಲು ಹೇಳಿರಲಿಲ್ಲ.

ಒಪ್ಪಂದ ಚಿಕ್ಕದು. ಆಸ್ಟ್ರಿಯಾ-ಸರ್ಬಿಯಾ ಜಗಳದಲ್ಲಿ ಇಬ್ಬರೂ ತಟಸ್ಥ. ರಷ್ಯಾ ಕೈಹಾಕಿ ಜರ್ಮನಿ ಯುದ್ಧಕ್ಕೆ ಇಳಿಯಬೇಕಾದರೆ ಆಟೋಮನ್ನರೂ ಇಳಿಯಬೇಕು. ಜರ್ಮನ್ ಸೇನಾ ತಂಡಕ್ಕೆ ಸೈನ್ಯದ ಮೇಲೆ ನಿಜವಾದ ಪ್ರಭಾವ ಇರಬೇಕು. ಬದಲಿಗೆ ಆಟೋಮನ್ ನೆಲಕ್ಕೆ ಅಪಾಯ ಬಂದರೆ ಜರ್ಮನಿ ಕಾಯಬೇಕು. ಅವಧಿ 1918ರ ಕೊನೆಯವರೆಗೆ.

ಒಂದು ವಿಷಯ ಗಮನಿಸಿ. ಸಹಿಗೆ ಹಿಂದಿನ ದಿನವೇ ಜರ್ಮನಿ ರಷ್ಯಾ ಮೇಲೆ ಯುದ್ಧ ಸಾರಿಯಾಗಿತ್ತು. ಅಂದರೆ ಅಕ್ಷರಶಃ ನೋಡಿದರೆ ಸಹಿ ಒಣಗುವ ಮುಂಚೆಯೇ ಇವರು ಯುದ್ಧಕ್ಕೆ ಇಳಿಯಬೇಕಿತ್ತು.

ಹಾಗಾದ್ರೆ ಅಕ್ಟೋಬರ್ ಕೊನೆವರೆಗೂ ಯಾಕೆ ಸುಮ್ನಿದ್ರು?

ಇಲ್ಲೇ ಸಯೀದ್ ಹಲೀಮ್‌ನ ಜಾಣತನ ಇರುವುದು. ಸೈನ್ಯ ಸೇರಿಸುತ್ತಿದ್ದೇವೆ, ಬಲ್ಗೇರಿಯಾ ಏನು ಮಾಡುತ್ತೋ ನೋಡಬೇಕು, ದುಡ್ಡಿಲ್ಲ ಅಂತ ದಿನ ದೂಡಿದ. ದೂಡುತ್ತಲೇ ವಸೂಲಿ ಮಾಡಿದ. ಗೋಬೆನ್ ಒಳಗೆ ಬಿಡುವ ಬದಲಿಗೆ ಆಗಸ್ಟ್ 6ರಂದು ಜರ್ಮನ್ ರಾಯಭಾರಿಯಿಂದ ಹಲವು ಮಾತು ಬರೆಸಿಕೊಂಡ. ಶತ್ರು ಹಿಡಿದ ಆಟೋಮನ್ ನೆಲ ಬಿಡಿಸುವವರೆಗೂ ಜರ್ಮನಿ ಶಾಂತಿ ಮಾಡಿಕೊಳ್ಳಬಾರದು ಅನ್ನುವುದು ಅವುಗಳಲ್ಲಿ ಒಂದು.

ಸೆಪ್ಟೆಂಬರ್ 9ರಂದು ವಿದೇಶಿಯರ ವಿಶೇಷ ಹಕ್ಕುಗಳನ್ನು ರದ್ದು ಮಾಡುವುದಾಗಿ ಸಾರಿದರು. ಇಸ್ತಾನ್‌ಬುಲ್ ಬೀದಿಗಳಲ್ಲಿ ಹಬ್ಬ. ಮಜಾ ಅಂದರೆ ಇದನ್ನು ಕೇಳಿ ಬ್ರಿಟಿಷ್, ಫ್ರೆಂಚ್ ರಾಯಭಾರಿಗಳಷ್ಟೇ ಜರ್ಮನ್ ರಾಯಭಾರಿಯೂ ಕೂಗಾಡಿದ. ಜರ್ಮನಿಗೂ ಅದೇ ಹಕ್ಕುಗಳಿದ್ದವಲ್ಲ. ಜರ್ಮನಿಯ ಗೊಂಬೆಯಾಗಿದ್ದರೆ ಹೀಗೆ ಮಾಡುತ್ತಿದ್ದರಾ?

ಆದರೆ ಫ್ರಾನ್ಸಿನ ಮಾರ್ನ್ ಕದನದಲ್ಲಿ ಜರ್ಮನಿ ಮುಗ್ಗರಿಸಿದ ಮೇಲೆ ಬರ್ಲಿನ್ ಒತ್ತಡ ಜಾಸ್ತಿ ಮಾಡಿತು. ಎನ್ವರ್ ದುಡ್ಡು ಕೇಳಿದ. ಅಕ್ಟೋಬರ್‌ನಲ್ಲಿ ಸುಮಾರು 20 ಲಕ್ಷ ಲಿರಾದ ಚಿನ್ನ ರೈಲಿನಲ್ಲಿ ಬಂತು. ಅಕ್ಟೋಬರ್ 29ರಂದು ಸುಶಾನ್‌ನ ಹಡಗುಗಳು ಒಡೆಸ್ಸಾ, ಸೆವಾಸ್ಟೊಪೋಲ್, ಫಿಯೊಡೊಸಿಯಾ, ನೊವೊರೊಸಿಸ್ಕ್ ಬಂದರುಗಳ ಮೇಲೆ ಗುಂಡು ಹಾರಿಸಿದವು. ಎನ್ವರ್‌ಗೆ ಗೊತ್ತಿತ್ತು, ಸಂಪುಟದ ಬಹಳ ಜನಕ್ಕೆ ಗೊತ್ತಿರಲಿಲ್ಲ. ಹಣಕಾಸು ಮಂತ್ರಿ ಜಾವಿದ್ ಸೇರಿ ನಾಲ್ವರು ಮಂತ್ರಿಗಳು ರಾಜೀನಾಮೆ ಕೊಟ್ಟರು. ನವೆಂಬರ್ 2ರಂದು ರಷ್ಯಾ ಯುದ್ಧ ಸಾರಿತು, 5ರಂದು ಬ್ರಿಟನ್ ಮತ್ತು ಫ್ರಾನ್ಸ್.

ಅಂದ್ರೆ ಎಲ್ಲಾ ಎನ್ವರ್ ಪಾಷಾ ಒಬ್ಬನ ತಪ್ಪಾ?

ಹಾಗೆ ಹೇಳುವುದು ಸುಲಭ. ಸೋತ ಮೇಲೆ ಬದುಕುಳಿದವರು ಹಾಗೇ ಹೇಳಿದರು ಕೂಡ. 32 ವರ್ಷದ ಯುದ್ಧ ಮಂತ್ರಿ, ಬರ್ಲಿನ್‌ನಲ್ಲಿ ಸೇನಾ ಪ್ರತಿನಿಧಿಯಾಗಿದ್ದವನು, ಜರ್ಮನ್ ಸೈನ್ಯವನ್ನು ಮನಸಾರೆ ಮೆಚ್ಚಿದವನು. ಬೈಯಲು ಸಿಗುವ ಮುಖ.

ಆದರೆ ಅದೇ ಎನ್ವರ್ 1914ರ ಆಗಸ್ಟ್ ಶುರುವಿನಲ್ಲಿ, ಜರ್ಮನಿ ಜೊತೆ ಸಹಿ ಆದ ಮೇಲೆಯೂ, ರಷ್ಯಾದ ಸೇನಾ ಪ್ರತಿನಿಧಿಯನ್ನು ಕರೆದು ಮೈತ್ರಿಯ ಮಾತಾಡಿದ. ಏಜಿಯನ್ ದ್ವೀಪಗಳು, ಪಶ್ಚಿಮ ಥ್ರೇಸ್ ಕೊಡಿಸಿದರೆ ನಿಮ್ಮ ಕಡೆ ಬರುತ್ತೇವೆ ಅಂದ. ಮನಸ್ಸಿನಿಂದ ಆಡಿದ ಮಾತೋ ಕಾಲ ತಳ್ಳುವ ಆಟವೋ, ಇತಿಹಾಸಕಾರರು ಇನ್ನೂ ವಾದ ಮಾಡುತ್ತಾರೆ. ಕಾಲ ತಳ್ಳುವ ಆಟ ಅಂತಲೇ ನನಗೂ ಅನಿಸುತ್ತದೆ.

ಒಪ್ಪಂದ ಬೇಕು ಅನ್ನುವುದರಲ್ಲಿ ಬಹುತೇಕ ಎಲ್ಲರೂ ಒಂದೇ ಮನಸ್ಸಿನವರು. ಫ್ರಾನ್ಸ್ ಮೆಚ್ಚಿದ್ದ ಜಮಾಲ್ ಕೂಡ ತಿಳಿದ ಮೇಲೆ ಒಪ್ಪಿದ. ಯುದ್ಧಕ್ಕೆ ಯಾವಾಗ ಇಳಿಯಬೇಕು, ಇಳಿಯಲೇಬೇಕಾ ಅನ್ನುವುದರಲ್ಲಿ ಒಮ್ಮತ ಇರಲಿಲ್ಲ. ಎನ್ವರ್‌ನ ಹೊಣೆ ಇರುವುದು ಅಲ್ಲಿ. ಬೇರೆಯವರು ಇನ್ನೂ ಚೌಕಾಸಿ ಮಾಡುತ್ತಿದ್ದಾಗ ಅವನು ಬೆಂಕಿ ಹಚ್ಚಿಸಿದ.

ತಟಸ್ಥವಾಗಿ ಉಳಿದಿದ್ದರೆ ಬದುಕುತ್ತಿದ್ದರು ಅಲ್ವಾ?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ತಟಸ್ಥವಾಗಿದ್ದರೆ ನಿಮ್ಮ ನೆಲಕ್ಕೆ ನಾವು ಭರವಸೆ ಅಂತ ಬ್ರಿಟನ್, ಫ್ರಾನ್ಸ್, ರಷ್ಯಾ ಮೂವರೂ ಹೇಳಿದ್ದರು. ಆದರೆ 1912ರ ಭರವಸೆಗೆ ಆದ ಗತಿ ಇವರಿಗೆ ನೆನಪಿತ್ತು. ರಷ್ಯಾದ ಧಾನ್ಯ ರಫ್ತಿನಲ್ಲಿ ಬಹುಪಾಲು ಇಸ್ತಾನ್‌ಬುಲ್ ಮುಂದಿನ ನೀರಿನಲ್ಲೇ ಹಾದುಹೋಗಬೇಕು. ಗೆದ್ದ ರಷ್ಯಾ ಆ ಬಾಗಿಲನ್ನು ಇನ್ನೊಬ್ಬರ ಕೈಲಿ ಬಿಡುತ್ತದೆ ಅಂತ ನಂಬುವುದು ಸುಲಭವಲ್ಲ. 1915ರ ಮಾರ್ಚ್‌ನಲ್ಲಿ ಬ್ರಿಟನ್, ಏಪ್ರಿಲ್‌ನಲ್ಲಿ ಫ್ರಾನ್ಸ್, ಎರಡೂ ಇಸ್ತಾನ್‌ಬುಲ್ ಮತ್ತು ಜಲಸಂಧಿಗಳನ್ನು ರಷ್ಯಾಕ್ಕೆ ಕೊಡಲು ಗುಟ್ಟಾಗಿ ಒಪ್ಪಿದವು. ಅಷ್ಟರಲ್ಲಿ ಯುದ್ಧ ಶುರುವಾಗಿತ್ತು, ಹಾಗಾಗಿ ಅದನ್ನು ಮೊದಲಿನ ಉದ್ದೇಶಕ್ಕೆ ಪುರಾವೆ ಅನ್ನಲಾಗದು. ಆದರೂ ಭಯ ಬರೀ ಕಲ್ಪನೆಯಲ್ಲ ಅನ್ನುವುದು ಗೊತ್ತಾಗುತ್ತದೆ.

ನನ್ನ ಅನಿಸಿಕೆ ಹೀಗೆ. ಒಪ್ಪಂದ ಇಟ್ಟುಕೊಂಡು, ಸೈನ್ಯ ಕಟ್ಟಿಕೊಂಡು, ಜಲಸಂಧಿ ಮುಚ್ಚಿಕೊಂಡು 1915ರವರೆಗಾದರೂ ಕಾಯಬಹುದಿತ್ತು. ಅವರು ಸೆಪ್ಟೆಂಬರ್ 27ರಂದು ಜಲಸಂಧಿ ಮುಚ್ಚಿಯೂ ಆಗಿತ್ತು. ರಷ್ಯಾಕ್ಕೆ ಆಗಬೇಕಾದ ಪೆಟ್ಟು ಅದರಿಂದಲೇ ಆಗಿತ್ತು. ಗುಂಡು ಹಾರಿಸುವ ಅವಸರ ಜರ್ಮನಿಯದು, ಆಟೋಮನ್ನರದಲ್ಲ.

ಅರ್ಮೇನಿಯನ್ನರಿಗೆ ಆದದ್ದಕ್ಕೂ ಈ ಮೈತ್ರಿಗೂ ಸಂಬಂಧ ಇದೆಯಾ?

ಇದೆ. 1915ರಲ್ಲಿ ಸರ್ಕಾರ ಅರ್ಮೇನಿಯನ್ನರನ್ನು ಊರು ಬಿಡಿಸಿ ಸಿರಿಯಾದ ಮರುಭೂಮಿಗೆ ಅಟ್ಟಿತು. ದಾರಿಯಲ್ಲಿ ಕೊಲೆ, ಹಸಿವು, ರೋಗ. ಸತ್ತವರ ಸಂಖ್ಯೆ ಸುಮಾರು 10 ಲಕ್ಷ ಅಂತ ಅನೇಕ ಇತಿಹಾಸಕಾರರ ಅಂದಾಜು. ಬಹುಪಾಲು ವಿದ್ವಾಂಸರು ಇದನ್ನು ನರಮೇಧ ಅನ್ನುತ್ತಾರೆ, ಟರ್ಕಿ ಸರ್ಕಾರ ಇವತ್ತಿಗೂ ಒಪ್ಪುವುದಿಲ್ಲ. ತಪ್ಪಿನ ಹೊಣೆ ಮೊದಲು ಆಟೋಮನ್ ಆಡಳಿತದ್ದೇ, ಅದರಲ್ಲೂ ತಲಾತ್‌ನದು.

ಆದರೆ ತಡೆಯುವ ಸ್ಥಾನದಲ್ಲಿದ್ದ ಮಿತ್ರ ಜರ್ಮನಿ. ಅವರ ಕಾನ್ಸುಲ್‌ಗಳು ಕಣ್ಣಾರೆ ಕಂಡು ವರದಿ ಕಳಿಸಿದರು. ರಾಯಭಾರಿ ಒಬ್ಬ ಬಹಿರಂಗವಾಗಿ ಖಂಡಿಸೋಣ ಅಂದಾಗ ಚಾನ್ಸೆಲರ್ ಬೆಥ್ಮನ್ ಹೊಲ್‌ವೆಗ್ ಒಪ್ಪಲಿಲ್ಲ. ಅರ್ಮೇನಿಯನ್ನರು ನಾಶವಾದರೂ ಸರಿ, ಯುದ್ಧ ಮುಗಿಯುವವರೆಗೆ ಟರ್ಕಿ ನಮ್ಮ ಕಡೆ ಇರಬೇಕು ಅನ್ನುವುದೇ 1915ರ ಡಿಸೆಂಬರ್‌ನಲ್ಲಿ ಅವನು ಬರೆದದ್ದರ ಸಾರ. ಓದಿದಾಗ ಮೈ ಉರಿಯುತ್ತದೆ.

## ನಮ್ಮ ಕಡೆಯ ನಂಟು

ಮೈಸೂರಿನ ಸೈನಿಕರು ಟರ್ಕಿ ವಿರುದ್ಧ ಹೋರಾಡಿದ್ದು ಹೌದಾ?

ಹೌದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಲ್ಯಾನ್ಸರ್ಸ್ ಅನ್ನುವ ಕುದುರೆ ಪಡೆ ಮೊದಲು ಸೂಯೆಜ್ ಕಾಲುವೆ ಕಾಯಲು ಈಜಿಪ್ಟಿಗೆ ಹೋಯಿತು. ಆಮೇಲೆ ಪ್ಯಾಲೆಸ್ತೀನ್. 1918ರ ಸೆಪ್ಟೆಂಬರ್ 23ರಂದು ಹೈಫಾ ಬಂದರು ಹಿಡಿದ ಕತೆಯಲ್ಲಿ ಜೋಧಪುರದವರ ಹೆಸರು ಜಾಸ್ತಿ ಕೇಳುತ್ತೇವೆ. ಅವರು ಊರೊಳಗೆ ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿದ್ದರು. ಆ ಫಿರಂಗಿಗಳು ಆಸ್ಟ್ರಿಯಾದವು. ಕೆಳಗೆ ಊರಲ್ಲಿ ತುರ್ಕಿ ಸೈನಿಕರು, ಜೊತೆಗೆ ಜರ್ಮನ್ ಅಧಿಕಾರಿಗಳು. 1914ರಲ್ಲಿ ಯೆನಿಕೊಯ್‌ನ ಮನೆಯಲ್ಲಿ ಬಿದ್ದ ಆ ಸಹಿಯ ಇಡೀ ಗುಂಪೇ ಮೈಸೂರು ಸವಾರರ ಎದುರು ನಿಂತಿತ್ತು ಅನ್ನಬಹುದು. ಸುಮಾರು 1,350 ಜನ ಸೆರೆ ಸಿಕ್ಕರು.

ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಪಡೆಗಳ ನೆನಪಿಗೆ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಲ್ಯಾನ್ಸರ್ಸ್ ಸ್ಮಾರಕ ಇದೆ. ಆ ಕಡೆ ಹೋದರೆ ನಿಂತು ನೋಡಿ.

ಟಿಪ್ಪು ಸುಲ್ತಾನ್ ಕೂಡ ಆಟೋಮನ್ನರ ಸಹಾಯ ಕೇಳಿದ್ದರಲ್ಲ?

ಕೇಳಿದ್ದರು. 1786ರಲ್ಲಿ ಮಂಗಳೂರು ಕರಾವಳಿಯ ಒಡೆಯನಾಗಿದ್ದ ಟಿಪ್ಪು ಇಸ್ತಾನ್‌ಬುಲ್‌ಗೆ ದೊಡ್ಡ ನಿಯೋಗ ಕಳಿಸಿದ. ಬ್ರಿಟಿಷರ ವಿರುದ್ಧ ಸೈನಿಕ ನೆರವು ಸಿಗಲಿಲ್ಲ, ಗೌರವದ ಮಾತು ಸಿಕ್ಕಿತು. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಾಗ ಸುಲ್ತಾನ ಮೂರನೇ ಸಲೀಮ್ ಟಿಪ್ಪುವಿಗೇ ಪತ್ರ ಬರೆದು, ಫ್ರೆಂಚರನ್ನು ನಂಬಬೇಡಿ, ಬ್ರಿಟಿಷರ ಜೊತೆ ಜಗಳ ಬೇಡ ಅಂದ. ಆಗ ಆಟೋಮನ್ನರಿಗೆ ಫ್ರಾನ್ಸ್ ಶತ್ರು, ಬ್ರಿಟನ್ ಮತ್ತು ರಷ್ಯಾ ಮಿತ್ರರು! ಯಾರು ನಮ್ಮ ನೆಲಕ್ಕೆ ಕೈಹಾಕಿದ್ದಾರೆ ಅನ್ನುವುದರ ಮೇಲೆ ಮಿತ್ರ ಯಾರು ಅನ್ನುವುದು ಅವರಿಗೆ ತೀರ್ಮಾನವಾಗುತ್ತಿತ್ತು. 1914ರಲ್ಲೂ ಅದೇ ನಡೆದದ್ದು.

ಕೊನೆಗೆ ಆ ನಾಯಕರೆಲ್ಲ ಏನಾದರು? ಟರ್ಕಿ ಪಾಠ ಕಲಿಯಿತಾ?

1918ರ ಅಕ್ಟೋಬರ್ 30ಕ್ಕೆ ಯುದ್ಧವಿರಾಮ. ತಲಾತ್ 1921ರಲ್ಲಿ ಬರ್ಲಿನ್‌ನಲ್ಲಿ, ಸಯೀದ್ ಹಲೀಮ್ ಅದೇ ವರ್ಷ ರೋಮ್‌ನಲ್ಲಿ, ಜಮಾಲ್ 1922ರಲ್ಲಿ ಟಿಫ್ಲಿಸ್‌ನಲ್ಲಿ ಕೊಲೆಯಾದರು. ಮೂವರನ್ನೂ ಕೊಂದದ್ದು ಅರ್ಮೇನಿಯನ್ನರು. ಎನ್ವರ್ 1922ರಲ್ಲಿ ಮಧ್ಯ ಏಷ್ಯಾದಲ್ಲಿ ಸೋವಿಯತ್ ಸೈನ್ಯದ ಜೊತೆ ಕಾದಾಡುತ್ತಾ ಸತ್ತ. ಅದೇ ವರ್ಷ ಸುಲ್ತಾನ ಪದವಿ ಹೋಯಿತು, 1924ರಲ್ಲಿ ಖಲೀಫ ಪದವಿಯೂ.

ಹೊಸ ಟರ್ಕಿಯನ್ನು ಎರಡನೇ ಮಹಾಯುದ್ಧದಲ್ಲಿ ನಡೆಸಿದವನು ಇಸ್ಮತ್ ಇನೊನು, ಮೊದಲ ಯುದ್ಧದಲ್ಲಿ ಕಾಕಸಸ್, ಪ್ಯಾಲೆಸ್ತೀನ್ ಕಡೆ ಹೋರಾಡಿದ ಅಧಿಕಾರಿ. 1939ರಲ್ಲಿ ಬ್ರಿಟನ್, ಫ್ರಾನ್ಸ್ ಜೊತೆ ಮೈತ್ರಿಗೆ ಸಹಿ ಹಾಕಿಸಿದ. 1941ರಲ್ಲಿ ಜರ್ಮನಿ ಜೊತೆ ಸ್ನೇಹ ಒಪ್ಪಂದ ಮಾಡಿಸಿದ. ಚರ್ಚಿಲ್ ಬಂದು ಕೇಳಿದರೂ ಯುದ್ಧಕ್ಕೆ ಇಳಿಯಲಿಲ್ಲ. ಇನ್ನೂ ಆಯುಧ ಬೇಕು, ಇನ್ನೂ ತಯಾರಿ ಆಗಿಲ್ಲ ಅಂತ ಸಯೀದ್ ಹಲೀಮ್‌ನ ಹಾಗೆಯೇ ದಿನ ದೂಡಿದ. ಜರ್ಮನಿ ಮೇಲೆ ಟರ್ಕಿ ಯುದ್ಧ ಸಾರಿದ್ದು 1945ರ ಫೆಬ್ರವರಿ 23ರಂದು.